ನೊರೆಯೊಂದೇ ಶುದ್ಧಿಯಲ್ಲ

ಎಣ್ಣೆಗಾಯಿ ಉಂಡ ಕೈಯನ್ನು ಬರಿಯ ನೀರಿನಲ್ಲಿ ತೊಳೆದರೆ ಜಿಡ್ಡು ಹೋಗುವುದಿಲ್ಲ. ಸಾಬೂನು ಹಚ್ಚಿದರೆ ಹೋಗುತ್ತದೆ. ಸಾಬೂನಿನ ಅಣುವಿನ ಒಂದು ತುದಿ ಜಿಡ್ಡನ್ನೂ ಇನ್ನೊಂದು ತುದಿ ನೀರನ್ನೂ ಹಿಡಿಯುವುದೇ ಇದಕ್ಕೆ ಕಾರಣ. ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳ ಪೊರೆಯಲ್ಲಿಯೂ ಜಿಡ್ಡಿನ ಅಂಶವಿದೆ. ಆದುದರಿಂದ ಸಾಬೂನಿನ ಗುಣವುಳ್ಳ ದ್ರವ್ಯಗಳು ಆ ಪೊರೆಯನ್ನು ಭೇದಿಸಬಲ್ಲವು. ಟೂತ್‌ಪೇಸ್ಟಿನಲ್ಲಿ ನೊರೆ ತರಿಸುವ ಸೋಡಿಯಂ ಲಾರಿಲ್ ಸಲ್ಫೇಟ್, ಬಾಯಿ ಮುಕ್ಕಳಿಸುವ ಕೆಲವು ದ್ರಾವಣಗಳಲ್ಲಿರುವ ಸೆಟೈಲ್‌ಪಿರಿಡಿನಿಯಂ ಕ್ಲೋರೈಡ್ ಇಂತಹ ದ್ರವ್ಯಗಳು.

ಆದರೆ ಮುಕ್ಕಳಿಸಿದರೆ ಸಾಕು, ಉಜ್ಜಬೇಕಿಲ್ಲ ಎಂಬ ನಂಬಿಕೆ ತಪ್ಪು. ಹಲ್ಲಿನ ಬುಡದಲ್ಲಿ ಬ್ಯಾಕ್ಟೀರಿಯಾಗಳು ಬಿಡಿಬಿಡಿಯಾಗಿರದೆ, ಅಂಟಾದ ಪದರ ಕಟ್ಟಿಕೊಂಡು ಬಾಳುತ್ತವೆ. ನೀರಿನ ತೊಟ್ಟಿಯ ಪಾಚಿ ಸಾಬೂನು ನೀರು ಸುರಿದ ಮಾತ್ರಕ್ಕೆ ಹೋದೀತೆ? ತಿಕ್ಕಲೇಬೇಕು. ಈ ಪದರ ಗಟ್ಟಿಯಾಗಿ ಕಲ್ಲುಗಟ್ಟಿದರೆ ಬ್ರಷ್ಷಿಗೂ ಬಗ್ಗದು, ದಂತವೈದ್ಯರೇ ತೆಗೆಯಬೇಕು.

ಒಸಡಿನ ರೋಗಕ್ಕೆ ವೈದ್ಯರು ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್ ದ್ರಾವಣ ಪರಿಣಾಮಕಾರಿಯೇ ಸರಿ. ಆದರೆ ವಾರಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಕಲೆ ಹತ್ತಬಹುದು, ನಾಲಗೆಯ ರುಚಿ ಕೆಡಬಹುದು. ಪೇಸ್ಟಿನ ನೊರೆದ್ರವ್ಯ ಅದರ ಶಕ್ತಿಯನ್ನು ಕುಂದಿಸುವುದರಿಂದ, ಹಲ್ಲುಜ್ಜಿದ ಮೇಲೆ ಕನಿಷ್ಠ 30 ನಿಮಿಷ ಬಿಟ್ಟು ಮುಕ್ಕಳಿಸುವುದು ಲೇಸು. ಪದೇ ಪದೇ ಬಾಯಿಹುಣ್ಣಾಗುವವರು ನೊರೆದ್ರವ್ಯವಿಲ್ಲದ ಪೇಸ್ಟನ್ನು ಬಳಸಿ ನೋಡಬಹುದು. ಹುಳುಕನ್ನು ತಡೆಯುವುದು ನೊರೆಯಲ್ಲ, ಪೇಸ್ಟಿನಲ್ಲಿರುವ ಫ್ಲೋರೈಡ್. ಆದುದರಿಂದ ಹೆಚ್ಚು ನೊರೆ ಬಂದರೆ ಹೆಚ್ಚು ಶುದ್ಧಿ ಎಂದು ಭ್ರಮಿಸಬಾರದು.

ಕದರಮಂಡಲಗಿಯಿಂದ ಬ್ಯಾಡಗಿ, ರಾಣೆಬೆನ್ನೂರಿನವರೆಗೆ ಮೆಣಸಿನಕಾಯಿ ನಮ್ಮ ನಿತ್ಯದ ಊಟದಲ್ಲಿದೆ. ಒಸಡು ಉರಿದರೆ ಅದರ ಖಾರವನ್ನು, ಹಲ್ಲು ಅಲುಗಾಡಿದರೆ ವಯಸ್ಸನ್ನು ದೂರಿ ಸುಮ್ಮನಾಗುವುದು ಸುಲಭ. ಆದರೆ ಉಜ್ಜುವಾಗ ರಕ್ತ ಬರುವುದು ಸಾಮಾನ್ಯವಾಗಿ ಒಸಡಿನ ರೋಗದ ಮೊದಲ ಸೂಚನೆ. ಮಧುಮೇಹವಿದ್ದವರಲ್ಲಿ ಈ ರೋಗ ಬೇಗ ಬಲಿಯುತ್ತದೆ. ಬಲಿತ ರೋಗ ಸಕ್ಕರೆಯ ಹತೋಟಿಯನ್ನೂ ಕೆಡಿಸುತ್ತದೆ. ತಂಬಾಕು, ಗುಟ್ಕಾ ಅಗಿದ ಬಾಯಿಯ ವಾಸನೆಯನ್ನು ಪರಿಮಳದ ದ್ರಾವಣ ಮರೆಸಬಹುದು. ಅವು ತಂದ ಹಾನಿಯನ್ನು ತೊಳೆಯಲಾರದು.

ಇಷ್ಟಲಿಂಗ ಪೂಜೆಗೆ ಮುನ್ನ ಮುಖಮಜ್ಜನ ಮಾಡುವ ನಾವು, ರಾತ್ರಿ ಪ್ರಸಾದ ಸ್ವೀಕರಿಸಿದ ಮೇಲೆ ಹಾಗೆಯೇ ಮಲಗುವುದು ಸರಿಯೆ? ಬೆಳಿಗ್ಗೆಯಂತೆ ಮಲಗುವ ಮುನ್ನವೂ ಎರಡು ನಿಮಿಷ, ಮೃದುವಾದ ಬ್ರಷ್ಷಿನಿಂದ ಒಸಡಿನ ಅಂಚಿನವರೆಗೆ ಉಜ್ಜೋಣ. ಮಕ್ಕಳಿಗೂ ಇದನ್ನೇ ರೂಢಿಸೋಣ. ದ್ರಾವಣ ಈ ಕಾಯಕಕ್ಕೆ ನೆರವಾಗಬಹುದು. ಕಾಯಕವನ್ನು ಮಾತ್ರ ನಮ್ಮ ಕೈಯೇ ಮಾಡಬೇಕು.