ಹಳಕಟ್ಟಿಯವರ ಬರಹಗಳು ಮತ್ತು ಸ್ಥಿರ ಜಾಲತಾಣ: ಒಂದು ಅಭಿಪ್ರಾಯ

ಫ. ಗು. ಹಳಕಟ್ಟಿಯವರು ನಿಧನರಾದದ್ದು 1964ರ ಜೂನ್ 29ರಂದು. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಲೇಖಕನು ತೀರಿಕೊಂಡ ವರ್ಷದ ಮರುವರ್ಷದಿಂದ ಎಣಿಸಿ ಅರವತ್ತು ವರ್ಷಗಳವರೆಗೆ ಕೃತಿಯ ಹಕ್ಕು ಊರ್ಜಿತದಲ್ಲಿರುತ್ತದೆ. ಅಂದರೆ ಹಳಕಟ್ಟಿಯವರು ತಮ್ಮ ಜೀವಿತಾವಧಿಯಲ್ಲಿ ಬರೆದು ಪ್ರಕಟಿಸಿದ ಕೃತಿಗಳು 2025ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತಾಗಿವೆ. ವಚನ ಸಾಹಿತ್ಯದ ಅಧ್ಯಯನಕ್ಕೆ ಸಂಬಂಧಿಸಿದಂತೆ ಇದೊಂದು ಮಹತ್ವದ ಸಂಗತಿ. ಆದರೆ ಹಕ್ಕು ಮುಗಿದ ಮಾತ್ರಕ್ಕೆ ಕೃತಿಯು ಓದುಗನ ಕೈಗೆ ತಾನಾಗಿ ಬಂದು ಸೇರುವುದಿಲ್ಲ. ಆ ಬರಹಗಳನ್ನು ಅಂತರಜಾಲದಲ್ಲಿ ಎಲ್ಲಿ, ಯಾವ ರೂಪದಲ್ಲಿ, ಎಷ್ಟು ವೆಚ್ಚದಲ್ಲಿ ಇರಿಸಬೇಕು ಎಂಬ ಪ್ರಶ್ನೆಯನ್ನು ತಾಂತ್ರಿಕರಿಗೆ ಬಿಟ್ಟುಕೊಟ್ಟು ನಾವು ಸುಮ್ಮನಿರುವುದು ಸರಿಯಲ್ಲ. ಅದು ಗ್ರಂಥಸಂಪಾದನೆಯ ಪ್ರಶ್ನೆಯೂ ಹೌದು ಎಂಬುದು ಈ ಬರಹದ ನಿಲುವು.

ಈ ಪ್ರಶ್ನೆಯನ್ನು ವಿಜಯಪುರದಲ್ಲಿ ನಿಂತು ಕೇಳುವುದಕ್ಕೆ ವಿಶೇಷ ಅರ್ಥವಿದೆ. ಧಾರವಾಡದಲ್ಲಿ 1880ರಲ್ಲಿ ಜನಿಸಿದ ಹಳಕಟ್ಟಿಯವರು ವಕೀಲಿ ವೃತ್ತಿಗಾಗಿ ಈ ಊರಿಗೆ ಬಂದು ಇಲ್ಲಿಯವರೇ ಆಗಿಹೋದರು. 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗವು 1923ರಲ್ಲಿ ಅಚ್ಚಾದದ್ದು ವಿಜಯಪುರದಲ್ಲಲ್ಲ, ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. ಹಸ್ತಪ್ರತಿ ಒಂದು ಊರಿನಲ್ಲಿ, ಮೊಳೆ ಜೋಡಿಸುವವನು ಇನ್ನೊಂದು ಊರಿನಲ್ಲಿ, ಕರಡು ಹೋಗಿ ಬರುವುದು ಅಂಚೆಯಲ್ಲಿ. ಸಂಪಾದಕನಿಗೆ ಇದರಿಂದಾಗುವ ಕಷ್ಟ ಅಚ್ಚಿನ ಕೆಲಸ ಬಲ್ಲವರಿಗೆಲ್ಲ ತಿಳಿದೇ ಇದೆ. ಮುಂದೆ ಅವರು ತಮ್ಮ ಮನೆಯನ್ನು ಮಾರಿ 'ಹಿತಚಿಂತಕ' ಮುದ್ರಣಾಲಯವನ್ನು ಇಲ್ಲಿಯೇ ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯೂ 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆಯೂ ಆರಂಭವಾದವು. 'ಶಿವಾನುಭವ'ವು ಮೂರು ದಶಕಗಳಿಗೂ ಮಿಕ್ಕಿ ನಡೆಯಿತು.

ಈ ಚರಿತ್ರೆಯನ್ನು ನೆನೆದವರು ಸಹಜವಾಗಿ ಒಂದು ಮಾತನ್ನು ಹೇಳುತ್ತಾರೆ: ಹಳಕಟ್ಟಿಯವರು ಸ್ವಂತ ಅಚ್ಚುಕೂಟ ಇಟ್ಟಂತೆ ನಾವೂ ನಮ್ಮ ಸಂಸ್ಥೆಯಲ್ಲಿ ಸ್ವಂತ ಸರ್ವರ್ ಇಡಬೇಕು. ಕೇಳಲು ಹಿತವಾದ ಈ ಹೋಲಿಕೆಯನ್ನು ನಾನು ಒಪ್ಪಲಾರೆ. ಅಚ್ಚುಕೂಟವು ಪ್ರತಿಗಳನ್ನು ತಯಾರಿಸಿ ಹೊರಗೆ ಕಳಿಸುವ ಯಂತ್ರ. ಅದು ಒಂದು ದಿನ ನಿಂತರೂ ಈಗಾಗಲೇ ಹೊರಟುಹೋದ ಪ್ರತಿಗಳು ಓದುಗರ ಕೈಯಲ್ಲಿ ಇದ್ದೇ ಇರುತ್ತವೆ. ಸರ್ವರ್ ಹಾಗಲ್ಲ; ಅದು ನಿಂತ ಕ್ಷಣದಲ್ಲಿ ಪುಸ್ತಕವೇ ಮಾಯವಾಗುತ್ತದೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ, ವಿದ್ಯುತ್ತು ಹೋಗಿಬರುವ ಕಟ್ಟಡದಲ್ಲಿ, ರಾತ್ರಿ ಹಗಲು ಅದನ್ನು ನೋಡಿಕೊಳ್ಳುವ ಸಿಬ್ಬಂದಿಯಿಲ್ಲದ ವಿಭಾಗದಲ್ಲಿ ಸರ್ವರನ್ನು ಸಾಕುವುದು ವ್ಯರ್ಥವಾದ ಸಾಹಸ. ಅಚ್ಚುಕೂಟಕ್ಕೆ ಸಮನಾದುದು ಇಂದು ಬೇರೆಯೇ ಇದೆ. ಅದು ಶುದ್ಧವಾದ ಪಠ್ಯದ ಕಡತ ಮತ್ತು ಜಾಲತಾಣದ ಹೆಸರು. ಇವೆರಡು ನಮ್ಮವಾಗಿರಬೇಕು. ಇವನ್ನು ಇರಿಸುವ ಸ್ಥಳವು ಬಾಡಿಗೆಯದಾಗಿದ್ದರೆ ಅಡ್ಡಿಯಿಲ್ಲ, ಯಾವಾಗ ಬೇಕಾದರೂ ಬಿಟ್ಟು ಹೊರಡುವಂತಿರಬೇಕು ಅಷ್ಟೇ.

ಇಲ್ಲಿ ಸ್ಥಿರ ಜಾಲತಾಣ ಎಂಬುದರ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಇಂದು ಬಹುತೇಕ ಸಂಸ್ಥೆಗಳ ಜಾಲತಾಣಗಳು ಚಲನಶೀಲವಾದವು. ಓದುಗನು ಪುಟವನ್ನು ಕೇಳಿದಾಗ ಸರ್ವರಿನಲ್ಲಿರುವ ತಂತ್ರಾಂಶವು ದತ್ತಸಂಚಯದಿಂದ ಮಾಹಿತಿಯನ್ನು ತೆಗೆದು, ಆ ಕ್ಷಣದಲ್ಲಿ ಪುಟವನ್ನು ಕಟ್ಟಿಕೊಡುತ್ತದೆ. 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಈ ಬಗೆಯದು. ದಿನವೂ ಬದಲಾಗುವ ಸುದ್ದಿಗೆ, ಪ್ರವೇಶದ ಅರ್ಜಿಗೆ, ಫಲಿತಾಂಶಕ್ಕೆ ಇದು ಬೇಕು. ಆದರೆ 1923ರ ಒಂದು ಪುಸ್ತಕವು ದಿನವೂ ಬದಲಾಗುವುದಿಲ್ಲ. ಅದಕ್ಕಾಗಿ ಪ್ರತಿಸಲವೂ ಪುಟವನ್ನು ಹೊಸದಾಗಿ ಕಟ್ಟುವುದು, ಗ್ರಂಥಾಲಯಕ್ಕೆ ಬಂದ ಪ್ರತಿಯೊಬ್ಬನಿಗೂ ಪುಸ್ತಕವನ್ನು ಮತ್ತೆ ಅಚ್ಚು ಹಾಕಿ ಕೊಟ್ಟಂತೆ. ಸ್ಥಿರ ಜಾಲತಾಣದಲ್ಲಿ ಪುಟಗಳು ಮೊದಲೇ ಸಿದ್ಧವಾಗಿರುತ್ತವೆ. ಸರ್ವರಿನ ಕೆಲಸ ಅವನ್ನು ತೆಗೆದುಕೊಡುವುದಷ್ಟೆ. ನವೀಕರಿಸದೆ ಬಿಟ್ಟ ಚಲನಶೀಲ ತಾಣಗಳಿಗೆ ಕಳ್ಳರು ನುಗ್ಗಿ ಜೂಜಿನ ಜಾಹೀರಾತುಗಳನ್ನು ತುಂಬುವುದನ್ನು ಕಾಲೇಜುಗಳ ಪುಟಗಳಲ್ಲಿ ಎಷ್ಟೋ ಸಲ ಕಾಣುತ್ತೇವೆ. ಸ್ಥಿರ ತಾಣದಲ್ಲಿ ಆ ಬಗೆಯ ಬಾಗಿಲುಗಳು ಬಹುಮಟ್ಟಿಗೆ ಇರುವುದೇ ಇಲ್ಲ. ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ರೂಪಿಸಿದ ಮೊತ್ತಮೊದಲ ಜಾಲತಾಣವು ಇಂಥ ಸ್ಥಿರ ಪುಟಗಳದ್ದೇ ಆಗಿತ್ತು. 2013ರಲ್ಲಿ ಅದನ್ನು ಅದರ ಮೂಲ ವಿಳಾಸದಲ್ಲಿ ಮತ್ತೆ ಇರಿಸಿದಾಗ ಇಂದಿನ ಬ್ರೌಸರಿನಲ್ಲಿಯೂ ಅದು ಯಾವ ತೊಡಕಿಲ್ಲದೆ ತೆರೆದುಕೊಂಡಿತು.

ಇನ್ನು ಗಾತ್ರ ಮತ್ತು ವೆಚ್ಚದ ಲೆಕ್ಕ. ಯುಟಿಎಫ್-8 ಸಂಕೇತ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. 'ಕ್ಷಿ' ಎಂಬ ಒಂದು ಅಕ್ಷರದಲ್ಲಿ ಕಕಾರ, ವಿರಾಮ, ಷಕಾರ, ಗುಣಿಸಿನ ಚಿಹ್ನೆ ಹೀಗೆ ನಾಲ್ಕು ಸಂಕೇತಗಳಿರುವುದರಿಂದ 12 ಬೈಟ್. ಒಂದು ವಚನಕ್ಕೆ ಸರಾಸರಿ 400 ಸಂಕೇತಗಳೆಂದು ಇಟ್ಟುಕೊಂಡರೆ 1200 ಬೈಟ್ ಆಯಿತು. ಉಪಲಬ್ಧ ವಚನಗಳನ್ನು ಸ್ಥೂಲವಾಗಿ ಇಪ್ಪತ್ತು ಸಾವಿರವೆಂದು ಎಣಿಸಿದರೆ ಒಟ್ಟು ಸುಮಾರು 24 ಮೆಗಾಬೈಟ್. ಅಂದರೆ ಸಮಗ್ರ ವಚನ ಸಾಹಿತ್ಯವು ನಮ್ಮ ಮೊಬೈಲಿನ ಒಂದು ಚಿಕ್ಕ ವಿಡಿಯೊದಷ್ಟು ಜಾಗವನ್ನೂ ಬೇಡುವುದಿಲ್ಲ! 2008ರಲ್ಲಿ ಆರಂಭವಾದ ಗಿಟ್‌ಹಬ್ ಪೇಜಸ್ ಸೇವೆಯು ಶುಲ್ಕವಿಲ್ಲದೆಯೇ ಒಂದು ತಾಣಕ್ಕೆ 1 ಗಿಗಾಬೈಟ್‌ವರೆಗೆ ಸ್ಥಳವನ್ನೂ ತಿಂಗಳಿಗೆ 100 ಗಿಗಾಬೈಟ್‌ನಷ್ಟು ಸಂಚಾರವನ್ನೂ ಒದಗಿಸುತ್ತದೆ. ಕ್ಲೌಡ್‌ಫ್ಲೇರ್ ಪೇಜಸ್ ಸೇವೆಯ ಉಚಿತ ವರ್ಗದಲ್ಲಿ ಕಡತಗಳ ಸಂಖ್ಯೆ 20,000 ಮೀರಬಾರದು, ಒಂದೊಂದು ಕಡತವೂ 25 ಮೆಗಾಬೈಟ್‌ಗಿಂತ ದೊಡ್ಡದಿರಬಾರದು. ಈ ಮಿತಿಗಳು ಪಠ್ಯಕ್ಕೆ ಧಾರಾಳವಾಗಿ ಸಾಕು. ವಚನಕ್ಕೊಂದು ಪುಟ ಮಾಡುವ ಆಸೆ ಇದ್ದರೆ ಮಾತ್ರ ಎರಡನೆಯದರ ಮಿತಿ ಅಡ್ಡಬರುತ್ತದೆ. ಆಗ ಸ್ಥಲಕ್ಕೊಂದು ಅಥವಾ ವಚನಕಾರರಿಗೊಂದು ಪುಟ ಮಾಡುವುದು ಓದಿನ ದೃಷ್ಟಿಯಿಂದಲೂ ಉಚಿತವೇ.

ಸ್ಕ್ಯಾನ್ ಮಾಡಿದ ಪುಟಗಳ ವಿಷಯ ಬೇರೆ. ಮುನ್ನೂರು ಪುಟಗಳ ಹಳೆಯ ಪುಸ್ತಕದ ಬಿಂಬಪ್ರತಿಯು ನೂರು ಮೆಗಾಬೈಟ್ ಆಗುವುದು ಸಾಮಾನ್ಯ. ಇಂಥವನ್ನು ಈ ತಾಣಗಳಲ್ಲಿ ತುಂಬಲು ಹೋಗಬಾರದು. 1996ರಲ್ಲಿ ಬ್ರೂಸ್ಟರ್ ಕೇಲ್ ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್ ಇಂಥ ಬಿಂಬಗಳಿಗೆಂದೇ ಇದೆ. ಬಿಂಬವನ್ನು ಅಲ್ಲಿರಿಸಿ, ಪಠ್ಯವನ್ನು ನಮ್ಮ ತಾಣದಲ್ಲಿರಿಸಿ, ಎರಡಕ್ಕೂ ಪರಸ್ಪರ ಸೇತು ಹಾಕುವುದು ಸೂಕ್ತ. ಸಂಶಯ ಬಂದ ಓದುಗನು ಪಾಠವನ್ನು ಮೂಲದೊಡನೆ ಹೋಲಿಸಿ ನೋಡಬಲ್ಲ. ಗ್ರಂಥಸಂಪಾದನಾ ಶಾಸ್ತ್ರವು ಬಯಸುವುದೂ ಅದನ್ನೇ. ಪಠ್ಯವನ್ನು ಬೆರಳಚ್ಚು ಮಾಡುವ, ತಿದ್ದುವ ಶ್ರಮವೇ ಈ ಯೋಜನೆಯ ನಿಜವಾದ ವೆಚ್ಚ. ಅದರ ಮುಂದೆ ಹೋಸ್ಟಿಂಗಿನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಆದರೂ ಅನುದಾನದ ಅರ್ಜಿಗಳಲ್ಲಿ ಯಂತ್ರಕ್ಕೆ ದೊಡ್ಡ ಮೊತ್ತವೂ ಕರಡು ತಿದ್ದುವವನಿಗೆ ಚಿಕ್ಕ ಮೊತ್ತವೂ ಇರುವುದನ್ನು ಕಾಣುತ್ತೇವೆ. ಇದು ತಿರುವುಮುರುವಾಗಬೇಕು.

ಉಚಿತವಾದುದನ್ನು ನಂಬಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದು. ಒಂದು ಕಾಲಕ್ಕೆ ಲಕ್ಷಾಂತರ ಜನರ ಉಚಿತ ಪುಟಗಳಿಗೆ ನೆಲೆಯಾಗಿದ್ದ ಜಿಯೊಸಿಟೀಸ್ ಸೇವೆಯನ್ನು ಅದರ ಒಡೆತನ ಪಡೆದಿದ್ದ ಯಾಹೂ ಸಂಸ್ಥೆಯು 2009ರ ಅಕ್ಟೋಬರ್‌ನಲ್ಲಿ ಮುಚ್ಚಿಬಿಟ್ಟಿತು. ಗಿಟ್‌ಹಬ್ ಕೂಡ 2018ರಲ್ಲಿ ಮೈಕ್ರೋಸಾಫ್ಟ್ ಪಾಲಾಗಿದೆ. ನಾಳೆ ಅದರ ನಿಯಮ ಬದಲಾಗದೆಂದು ಯಾರೂ ಆಣೆ ಮಾಡಲಾರರು. ಹಾಗೆಂದು ಹಣ ಕೊಟ್ಟ ಮಾತ್ರಕ್ಕೆ ಶಾಶ್ವತತೆ ಲಭಿಸುತ್ತದೆಯೆ? ಮೊದಲ ವರ್ಷ ಅಗ್ಗವಾಗಿ ಕೊಟ್ಟು ಎರಡನೆಯ ವರ್ಷದಿಂದ ದರ ಏರಿಸುವ ಹೋಸ್ಟಿಂಗ್ ಕಂಪನಿಗಳು ಎಲ್ಲೆಡೆ ಇವೆ. ಗುತ್ತಿಗೆದಾರನು ಕಟ್ಟಿಕೊಟ್ಟ ತಾಣವು ಗುತ್ತಿಗೆ ಮುಗಿದೊಡನೆ ಕಣ್ಮರೆಯಾಗಿ, ಹಳೆಯ ಸಂಚಿಕೆಗಳೆಲ್ಲ ಅದರೊಂದಿಗೆ ಹೋದ ಪ್ರಸಂಗವನ್ನು ಒಂದು ವಿದ್ಯಾಸಂಸ್ಥೆಯಲ್ಲಿ ನಾನು ಹತ್ತಿರದಿಂದ ಕಂಡಿದ್ದೇನೆ. ಅಲ್ಲಿ ಹಣದ ಕೊರತೆಯಿರಲಿಲ್ಲ. ಕಡತಗಳ ಇನ್ನೊಂದು ಪ್ರತಿ ಯಾರಲ್ಲಿಯೂ ಇರಲಿಲ್ಲ. ವಚನಗಳು ಉಳಿದುಬಂದ ಬಗೆಯನ್ನು ಇಲ್ಲಿ ನೆನೆಯಬೇಕು. ಯಾವುದೋ ಒಂದು ಭದ್ರವಾದ ಭಂಡಾರದಲ್ಲಿ ಇದ್ದುದರಿಂದ ಅವು ಉಳಿಯಲಿಲ್ಲ. ಹಲವು ಮಠಗಳಲ್ಲಿ, ಹಲವು ಮನೆಗಳ ಜಗಲಿಗಳಲ್ಲಿ, ತಾಳೆಗರಿಯ ಮೇಲೆ ಮತ್ತೆ ಮತ್ತೆ ಪ್ರತಿಯಾದುದರಿಂದ ಉಳಿದವು. ಸ್ಥಿರ ಜಾಲತಾಣವನ್ನು ಇಡಿಯಾಗಿ ಒಂದು ಪೆನ್‌ಡ್ರೈವಿಗೆ ನಕಲು ಮಾಡಬಹುದು. ಇನ್ನೊಂದು ಸೇವೆಗೆ ಒಂದು ಮಧ್ಯಾಹ್ನದಲ್ಲಿ ಸಾಗಿಸಬಹುದು. ಜಾಲಸಂಪರ್ಕವಿಲ್ಲದ ಗಣಕದಲ್ಲಿಯೂ ತೆರೆದು ಓದಬಹುದು. ದತ್ತಸಂಚಯವನ್ನು ನೆಚ್ಚಿದ ತಾಣಕ್ಕೆ ಈ ಸೌಲಭ್ಯ ಸುಲಭವಲ್ಲ.

ದತ್ತಸಂಚಯಕ್ಕೆ ಸ್ಥಾನವೇ ಇಲ್ಲವೆಂದು ಹೇಳುತ್ತಿಲ್ಲ. 'ವಚನ ಸಂಚಯ'ದಂತಹ ಯೋಜನೆಯು ಪದಪ್ರಯೋಗ ಕೋಶದ ಮಾದರಿಯಲ್ಲಿ ವಚನಗಳನ್ನು ಹುಡುಕುವ ಅವಕಾಶವನ್ನು ಕಲ್ಪಿಸಿ ಸಂಶೋಧಕರಿಗೆ ಮಾಡಿದ ಉಪಕಾರ ದೊಡ್ಡದು. ಪ್ರತ್ಯಯಗಳು ಒಂದರ ಮೇಲೊಂದು ಸೇರುವ ಕನ್ನಡದಂತಹ ಭಾಷೆಯಲ್ಲಿ ಹುಡುಕಾಟವು ಸರಳ ಸಮಸ್ಯೆಯಲ್ಲ. ಆದರೆ ಅಂಥ ಸಾಧನಗಳು ನಿಲ್ಲುವುದಕ್ಕೂ ಕೆಳಗೆ ಶುದ್ಧ ಪಠ್ಯದ ನೆಲ ಬೇಕು. ಆ ನೆಲವನ್ನು ಸ್ಥಿರ ಪುಟಗಳಲ್ಲಿ ಹಾಸಿಟ್ಟರೆ ಹುಡುಕುವ ಯಂತ್ರವನ್ನು ಯಾರು ಬೇಕಾದರೂ, ಎಷ್ಟು ಸಲ ಬೇಕಾದರೂ ಅದರ ಮೇಲೆ ಕಟ್ಟಬಹುದು.

ಈ ಶುದ್ಧ ಪಠ್ಯ ಎಂಬ ಮಾತಿಗೆ ಒಂದು ಎಚ್ಚರಿಕೆ ಸೇರಿಸಬೇಕು. ನಮ್ಮ ವಿಭಾಗಗಳ ಗಣಕಗಳಲ್ಲಿರುವ ಹಳೆಯ ಕಡತಗಳಲ್ಲಿ ಬಹುಪಾಲು ನುಡಿ, ಶ್ರೀಲಿಪಿ ಮೊದಲಾದವುಗಳ ಹಳೆಯ ಅಕ್ಷರಶೈಲಿಗಳಲ್ಲಿವೆ. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ರೋಮನ್ ಅಕ್ಷರಗಳ ಕಲಸುಮೇಲೋಗರವಲ್ಲದೆ ಬೇರೇನೂ ಕಾಣದು. 1991ರ ಮೊದಲ ಆವೃತ್ತಿಯಿಂದಲೂ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದ್ದರೂ ನಾವು ಅದಕ್ಕೆ ಬಂದದ್ದು ಬಹಳ ತಡವಾಗಿ. ಪರಿವರ್ತಕಗಳಿವೆ, ಆದರೆ ಅರ್ಕಾವೊತ್ತು ಸ್ಥಾನ ತಪ್ಪುವುದೇ ಮೊದಲಾದ ದೋಷಗಳನ್ನು ಕಣ್ಣಿಟ್ಟು ತಿದ್ದಬೇಕಾಗುತ್ತದೆ. ಯಾವ ಹೋಸ್ಟಿಂಗ್ ಸೇವೆಯೂ ಈ ಕೆಲಸವನ್ನು ನಮಗೆ ಮಾಡಿಕೊಡಲಾರದು.

ಹೆಸರಿನ ವಿಚಾರಕ್ಕೆ ಬರುವುದಾದರೆ, ಅದೊಂದಕ್ಕೆ ಮಾತ್ರ ಹಣ ತೆರಬೇಕು. '.ಇನ್' ಎಂಬ ಅಂತ್ಯವುಳ್ಳ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ತಗಲುತ್ತದೆ. ಹತ್ತು ವರ್ಷಗಳಿಗೆ ಒಮ್ಮೆಗೇ ನೋಂದಾಯಿಸಲು ಅವಕಾಶವಿದೆ. ನಿಕ್ಸಿ ಸಂಸ್ಥೆಯ ಮೂಲಕ '.ಭಾರತ' ಎಂದು ಕನ್ನಡ ಲಿಪಿಯಲ್ಲಿಯೇ ಕೊನೆಗೊಳ್ಳುವ ಹೆಸರೂ ದೊರೆಯುತ್ತದೆ. ಅಭಿಮಾನದಿಂದ ಅದನ್ನೂ ಪಡೆಯಬಹುದು, ಆದರೆ ಒಳಪುಟಗಳ ವಿಳಾಸಗಳಲ್ಲಿ ಕನ್ನಡ ಅಕ್ಷರಗಳನ್ನು ಬಳಸದಿರುವುದು ಲೇಸು. ಅಂಥ ವಿಳಾಸವನ್ನು ಅಡಿಟಿಪ್ಪಣಿಗಾಗಿ ನಕಲು ಮಾಡಿದರೆ ಒಂದೊಂದು ಸಂಕೇತವೂ ಶೇಕಡಾ ಚಿಹ್ನೆಗಳಿಂದ ಕೂಡಿದ ಒಂಬತ್ತು ಅಕ್ಷರಗಳಾಗಿ ಒಡೆದು, ಎರಡು ಸಾಲುಗಳ ಕಗ್ಗವಾಗಿಬಿಡುತ್ತದೆ. ಸಂಪುಟ, ಸಂಚಿಕೆ, ಪುಟಗಳ ಅಂಕಿಗಳೇ ವಿಳಾಸವಾದರೆ ಉಲ್ಲೇಖಿಸುವುದು ಸುಲಭ. ಊರಿನ ಹೆಸರನ್ನೂ ವಿಳಾಸದಲ್ಲಿ ಸೇರಿಸದಿರುವುದು ಕ್ಷೇಮ. 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾಯಿತು, ಹಳೆಯ ಹೆಸರಿನ ಜಿಲ್ಲೆಯೊಂದು ಛತ್ತೀಸಗಢದಲ್ಲಿ ಉಳಿದಿದೆ.

ಇದಕ್ಕಿಂತ ಮುಖ್ಯವಾದುದು ಆ ಹೆಸರು ಯಾರ ವಶದಲ್ಲಿರಬೇಕೆಂಬುದು. ಸಾಮಾನ್ಯವಾಗಿ ಉತ್ಸಾಹಿ ಅಧ್ಯಾಪಕರೊಬ್ಬರು ತಮ್ಮ ಸ್ವಂತ ಮಿಂಚಂಚೆಯಿಂದ, ತಮ್ಮ ಕೈಯ ಹಣದಿಂದ ಅದನ್ನು ಪಡೆದಿರುತ್ತಾರೆ. ಅವರು ನಿವೃತ್ತರಾದ ಮೇಲೆ ನವೀಕರಣದ ಸೂಚನೆ ಯಾರಿಗೂ ತಲುಪದೆ ಹೆಸರು ಕೈಬಿಡುತ್ತದೆ. ವಿಭಾಗದ ದಾಸ್ತಾನು ಪುಸ್ತಕದಲ್ಲಿ ಕುರ್ಚಿ ಮೇಜುಗಳನ್ನು ನಮೂದಿಸುವಂತೆ ಇದನ್ನೂ ಅವಧಿ ಮುಗಿಯುವ ದಿನಾಂಕದೊಡನೆ ನಮೂದಿಸಿ, ಮುಖ್ಯಸ್ಥರು ಬದಲಾದಾಗಲೆಲ್ಲ ಹಸ್ತಾಂತರಿಸುವ ಕ್ರಮ ಬರಬೇಕು.

ತೊರವಿಯಲ್ಲಿರುವ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಕನ್ನಡ ವಿದ್ಯಾರ್ಥಿನಿಯರೂ ನಗರದಲ್ಲಿ ಹಳಕಟ್ಟಿಯವರ ಹೆಸರಿನಲ್ಲಿರುವ ಸಂಶೋಧನ ಕೇಂದ್ರವೂ ಕೈಜೋಡಿಸಿದರೆ ಈ ಕೆಲಸಕ್ಕೆ ಬೇಕಾದ ಜನಬಲ ಇಲ್ಲಿಯೇ ಇದೆ. ತಿಕೋಟ, ಬಬಲೇಶ್ವರಗಳ ಹಳ್ಳಿಗಳಿಂದ ಬರುವ ಈ ವಿದ್ಯಾರ್ಥಿನಿಯರಲ್ಲಿ ಅನೇಕರು ಓದುವುದು ಮೊಬೈಲಿನ ಪರದೆಯ ಮೇಲೆ. ಅಲಂಕಾರಗಳಿಲ್ಲದ ಸ್ಥಿರ ಪುಟವು ಮಂದ ಸಂಪರ್ಕದಲ್ಲಿಯೂ ಅವರಿಗೆ ಬೇಗನೆ ತೆರೆದುಕೊಳ್ಳುತ್ತದೆ. ಮೊದಲಿಗೆ 'ವಚನಶಾಸ್ತ್ರಸಾರ'ದಂತಹ ದೊಡ್ಡ ಗ್ರಂಥಕ್ಕೆ ಕೈಹಾಕಬೇಕಾಗಿಲ್ಲ. 'ಶಿವಾನುಭವ'ದ ಸಂಚಿಕೆಗಳ ಲೇಖನಸೂಚಿಯೊಂದನ್ನು ವರ್ಷಾನುಕ್ರಮದಲ್ಲಿ ಸಿದ್ಧಪಡಿಸಿ ಪ್ರಕಟಿಸಬಹುದು. ಆ ಪತ್ರಿಕೆಯಲ್ಲಿ ಬರೆದ ಇತರ ಲೇಖಕರ ಹಕ್ಕುಗಳು ಅವರವರ ಮರಣದ ವರ್ಷವನ್ನು ಅವಲಂಬಿಸಿರುವುದರಿಂದ ಯಾವುದನ್ನು ಇಡಿಯಾಗಿ ಪ್ರಕಟಿಸಬಹುದು, ಯಾವುದಕ್ಕೆ ಅನುಮತಿ ಬೇಕು ಎಂಬುದನ್ನು ಗುರುತಿಸಲು ಹೇಗೂ ಅಂಥ ಸೂಚಿ ಬೇಕಾಗುತ್ತದೆ. ಇತ್ತೀಚಿನ ಸಂಪಾದಿತ ಆವೃತ್ತಿಗಳ ಪ್ರಸ್ತಾವನೆ, ಟಿಪ್ಪಣಿಗಳಿಗೆ ಅವುಗಳ ಸಂಪಾದಕರ ಹಕ್ಕು ಇರುವುದರಿಂದ ಬೆರಳಚ್ಚಿಗೆ ಹಳಕಟ್ಟಿಯವರ ಕಾಲದ ಮೂಲ ಮುದ್ರಣಗಳನ್ನೇ ಹುಡುಕಿ ಇಟ್ಟುಕೊಳ್ಳಬೇಕು.