‘ಮೊದಲು’ ಎಂಬ ಹಮ್ಮು, ‘ಇಂದಿಗೂ’ ಎಂಬ ಸಾಧನೆ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದ ನಮ್ಮ ಬಳಗದ ಹಿರಿಯರು ತೋರಿಸುವ ಚಿತ್ರಗಳಲ್ಲಿ ನಯಾಗರಾ ಜಲಪಾತದ ಜೊತೆಗೆ ಈಚೆಗೆ ಒಂದು ಪುಟ್ಟ ಕೆಂಪು ಇಟ್ಟಿಗೆಯ ಅಂಗಡಿಯೂ ಕಾಣಿಸಿಕೊಳ್ಳುತ್ತಿದೆ. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರದಲ್ಲಿ, ಯೇಲ್ ವಿಶ್ವವಿದ್ಯಾಲಯಕ್ಕೆ ಸಮೀಪದಲ್ಲಿರುವ ‘ಲೂಯೀಸ್ ಲಂಚ್’ ಅದು. ಚಿತ್ರ ತೋರಿಸುವವರೆಲ್ಲ ಹೇಳುವುದು ಒಂದೇ ಮಾತು: “ಹ್ಯಾಂಬರ್ಗರ್ ಮೊದಲು ಹುಟ್ಟಿದ್ದು ಇಲ್ಲೇ ಅಂತೆ.” ಗೋಮಾಂಸದ ಅಂಗಡಿಯ ಚರಿತ್ರೆ ನಮಗೇಕೆ ಎಂದು ಕೇಳುವವರೂ ನಮ್ಮಲ್ಲುಂಟು. ಅವರಿಗೆ ನಮ್ಮ ಉತ್ತರ ಇಷ್ಟೆ: ತಟ್ಟೆಯಲ್ಲಿ ಏನಿದೆ ಎಂಬುದನ್ನು ಅವರವರ ರುಚಿಗೆ ಬಿಡೋಣ. ತಟ್ಟೆ ಇಡುವ ಜಾಗವೊಂದು ಬದಲಾಗುವ ನಗರದಲ್ಲಿ ನೂರಿಪ್ಪತ್ತೈದು ವರ್ಷಕ್ಕೂ ಮೀರಿ ಹೇಗೆ ಉಳಿಯಿತು ಎಂಬುದು ಊರು ಬಿಟ್ಟು ಬಂದು ಹೋಟೆಲುಗಳ ಆಶ್ರಯದಲ್ಲೇ ಬೆಳೆದ ನಮ್ಮಂಥವರಿಗೆ ಸಂಬಂಧಪಡದ ಪ್ರಶ್ನೆಯೇನಲ್ಲ.

ಅಂಗಡಿಯ ಕಥೆ ಹೀಗಿದೆ. ಡೆನ್ಮಾರ್ಕಿನಿಂದ ವಲಸೆ ಬಂದ ಲೂಯಿ ಲಾಸೆನ್ 1895ರಲ್ಲಿ ಊಟದ ಗಾಡಿಯೊಂದನ್ನು ಆರಂಭಿಸಿದ. 1900ರಲ್ಲಿ ಒಂದು ದಿನ ಅವಸರದಲ್ಲಿದ್ದ ಗಿರಾಕಿಯೊಬ್ಬ, ನಡೆಯುತ್ತಲೇ ತಿನ್ನುವಂಥದ್ದು ಏನಾದರೂ ಬೇಕೆಂದನಂತೆ. ಲಾಸೆನ್ ಕೊಚ್ಚಿದ ಮಾಂಸವನ್ನು ಸುಟ್ಟು, ಕಾಯಿಸಿದ ಎರಡು ಬ್ರೆಡ್ ಹೋಳುಗಳ ನಡುವೆ ಇಟ್ಟುಕೊಟ್ಟ. ಕುಟುಂಬದವರು ನಾಲ್ಕು ತಲೆಮಾರುಗಳಿಂದ ಹೇಳಿಕೊಂಡು ಬಂದಿರುವ ವೃತ್ತಾಂತವಿದು. ಅಮೆರಿಕದ ಸಂಸತ್ತಿನ ಗ್ರಂಥಾಲಯವೇ ಇದನ್ನು ಮಾನ್ಯ ಮಾಡಿದೆ ಎಂಬ ಮಾತೂ ಪ್ರಚಾರದಲ್ಲಿದೆ. ಸ್ಥಳೀಯ ಪರಂಪರೆಗಳನ್ನು ಸಂಗ್ರಹಿಸುವ ಯೋಜನೆಯೊಂದರಲ್ಲಿ ಆ ಭಾಗದ ಪ್ರತಿನಿಧಿಯ ಮೂಲಕ ಈ ಅಂಗಡಿಯ ವಿವರ 2000ದಲ್ಲಿ ಅಲ್ಲಿ ಸೇರಿತು ಎಂಬುದಷ್ಟೇ ಅದರ ತಿರುಳು. ದಾಖಲೆಗೆ ಸೇರಿಸಿಕೊಂಡದ್ದು ತೀರ್ಪು ಕೊಟ್ಟಂತಾಗುವುದಿಲ್ಲ.

ಎದುರುವಾದಿಗಳೂ ಕಡಿಮೆಯಿಲ್ಲ. ವಿಸ್ಕಾನ್ಸಿನ್ ರಾಜ್ಯದ ಸೀಮೋರ್ ಊರಿನವರು, ಚಾರ್ಲಿ ನಾಗ್ರೀನ್ ಎಂಬ ಹುಡುಗ 1885ರ ಜಾತ್ರೆಯಲ್ಲಿ ಮಾಂಸದ ಉಂಡೆಯನ್ನು ಚಪ್ಪಟೆ ಮಾಡಿ ಬ್ರೆಡ್ಡಿನ ನಡುವೆ ಇಟ್ಟು ಮಾರಿದನೆನ್ನುತ್ತಾರೆ. ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ಹ್ಯಾಂಬರ್ಗ್ ಜಾತ್ರೆಯಲ್ಲಿ ಮೆಂಚಿಸ್ ಸಹೋದರರು ಮಾಡಿದರೆಂದು ಇನ್ನೊಂದು ಪಕ್ಷ. ಟೆಕ್ಸಸ್ಸಿನ ಅಥೆನ್ಸ್ ಊರು ಫ್ಲೆಚರ್ ಡೇವಿಸ್ ಎಂಬಾತನನ್ನು ಮುಂದಿಡುತ್ತದೆ. ಬನ್ನಿಲ್ಲದ್ದು ಹ್ಯಾಂಬರ್ಗರೇ ಅಲ್ಲ, ಆದ್ದರಿಂದ ಲಾಸೆನ್ ಮಾಡಿದ್ದು ಬರಿಯ ಸ್ಯಾಂಡ್‌ವಿಚ್ ಎಂದು ವಾದಿಸುವ ಪಂಡಿತರೂ ಇದ್ದಾರೆ. ಕೊಚ್ಚಿದ ಮಾಂಸವನ್ನು ಬ್ರೆಡ್ಡಿನ ನಡುವೆ ಇಡುವ ಬುದ್ಧಿ ಹಸಿದ ಹತ್ತು ಊರುಗಳಲ್ಲಿ ಹತ್ತು ಜನಕ್ಕೆ ಹೊಳೆದಿರಬಹುದು. ಈ ವ್ಯಾಜ್ಯ ಇತ್ಯರ್ಥವಾಗುವಂಥದ್ದಲ್ಲ; ಇತ್ಯರ್ಥವಾದರೂ ಅದರಿಂದ ಯಾರ ಜ್ಞಾನವೂ ಬೆಳೆಯುವುದಿಲ್ಲ.

ನಿಜವಾಗಿ ಬೆರಗುಗೊಳಿಸುವ ಸಂಗತಿ ಬೇರೆಯಿದೆ. ಆ ಅಂಗಡಿಯಲ್ಲಿ ಇಂದಿಗೂ ಮಾಂಸ ಬೇಯುವುದು 1898ರಲ್ಲಿ ತಯಾರಾದ ಎರಕದ ಕಬ್ಬಿಣದ ಒಲೆಗಳಲ್ಲಿ. ತಂತಿಯ ಚೌಕಟ್ಟಿನಲ್ಲಿ ಬಿಗಿದ ಮಾಂಸ ಅಲ್ಲಿ ಲಂಬವಾಗಿ ನಿಂತು ಎರಡೂ ಬದಿಯಿಂದ ಏಕಕಾಲಕ್ಕೆ ಬೇಯುತ್ತದೆ. ಕೊಬ್ಬು ಕೆಳಗೆ ಸೋರಿಹೋಗುತ್ತದೆ. ಇಂದಿಗೂ ಬನ್ನಿಲ್ಲ, ಕಾಯಿಸಿದ ಬ್ರೆಡ್ಡೇ. ಮೇಲೆ ಬೇಕಾದರೆ ಚೀಸ್, ಈರುಳ್ಳಿ, ಟೊಮೆಟೊ. ಕೆಚಪ್ ಕೇಳಿದರೆ ಸಿಗುವುದಿಲ್ಲ. ಸಾಸಿವೆಯೂ ಇಲ್ಲ, ಕರಿದ ಆಲೂಗೆಡ್ಡೆಯೂ ಇಲ್ಲ. ಗಿರಾಕಿಯೇ ದೇವರು ಎಂದು ಪಾಠ ಹೇಳುವ ವಾಣಿಜ್ಯಶಾಸ್ತ್ರಕ್ಕೆ ಈ ಅಂಗಡಿ ಒಂದು ಮುಜುಗರ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಚರಿತ್ರೆಯನ್ನು ನೋಡಬಹುದು. ಮೆಕ್‌ಡೊನಾಲ್ಡ್ ಸಹೋದರರು 1940ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೋದಲ್ಲಿ ಅಂಗಡಿ ತೆರೆದರು. 1948ರಲ್ಲಿ ಅಡುಗೆಮನೆಯನ್ನು ಕಾರ್ಖಾನೆಯಂತೆ ಮರುಜೋಡಿಸಿದರು. 1961ರಲ್ಲಿ ರೇ ಕ್ರಾಕ್ 27 ಲಕ್ಷ ಡಾಲರಿಗೆ ಅವರ ಹಕ್ಕುಗಳನ್ನು ಕೊಂಡ. ಆಮೇಲೆ ಸಹೋದರರು ತಮ್ಮ ಮೊದಲ ಅಂಗಡಿಗೆ ತಮ್ಮದೇ ಹೆಸರು ಇಟ್ಟುಕೊಳ್ಳುವಂತಿರಲಿಲ್ಲ. ಹೆಸರು ಬದಲಿಸಿಕೊಂಡ ಆ ಅಂಗಡಿ, ಹತ್ತಿರದಲ್ಲೇ ಕ್ರಾಕ್ ತೆರೆದ ಮಳಿಗೆಯೊಡನೆ ಸ್ಪರ್ಧಿಸಲಾರದೆ ಮುಚ್ಚಿಹೋಯಿತು. ಹೆಸರು ಜಗತ್ತನ್ನೆಲ್ಲ ಆಳಿತು, ಅಂಗಡಿ ಅಳಿಯಿತು. ಮೊದಲಿಗನಾಗುವುದಕ್ಕೂ ಉಳಿಯುವುದಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಹಾಗಾದರೆ ಲಾಸೆನ್ ಕುಟುಂಬದ ಅಂಗಡಿ ಉಳಿದದ್ದು ಹಟದ ಬಲದಿಂದಲೇ ಎನ್ನೋಣವೆಂದರೆ ಅದೂ ಅರ್ಧಸತ್ಯವೇ. 1950ರ ಮತ್ತು 60ರ ದಶಕಗಳಲ್ಲಿ ನ್ಯೂ ಹೇವನ್ ನಗರ ಮೇಯರ್ ರಿಚರ್ಡ್ ಲೀ ನೇತೃತ್ವದಲ್ಲಿ ‘ನಗರ ನವೀಕರಣ’ಕ್ಕೆ ಇಳಿಯಿತು. ಇಟಾಲಿಯನ್ನರು, ಯೆಹೂದಿಗಳು, ಕರಿಯರು ಒಟ್ಟಾಗಿ ಬಾಳುತ್ತಿದ್ದ ಓಕ್ ಸ್ಟ್ರೀಟ್ ಎಂಬ ಇಡೀ ಬಡಾವಣೆಯನ್ನು ಹೆದ್ದಾರಿಯೊಂದಕ್ಕಾಗಿ ನೆಲಸಮ ಮಾಡಲಾಯಿತು. ಆ ಹೆದ್ದಾರಿಯನ್ನು ಈಗ ನಗರವೇ ತುಂಡುತುಂಡಾಗಿ ಕಿತ್ತು, ಹಳೆಯ ಬೀದಿಗಳನ್ನು ಮತ್ತೆ ಬೆಸೆಯುತ್ತಿದೆ. ಹೊಸ ನಿರ್ಮಾಣದ ಬಾಯಿಗೆ ಲೂಯೀಸ್ ಲಂಚ್ ಕೂಡ ಸಿಕ್ಕಿತು. 1975ರಲ್ಲಿ ಕಟ್ಟಡವನ್ನೇ ಎತ್ತಿ ಲಾರಿಯ ಮೇಲೆ ಕ್ರೌನ್ ಸ್ಟ್ರೀಟಿಗೆ ಸಾಗಿಸಲಾಯಿತು. ದೂರದೂರದ ಅಭಿಮಾನಿಗಳು ಕಳಿಸಿದ ಇಟ್ಟಿಗೆಗಳು ಹೊಸ ಜಾಗದ ಗೋಡೆಗೆ ಸೇರಿದವು.

ಇಲ್ಲಿ ನಮ್ಮ ವಿರೋಧಿಗಳು ಕೇಳಬಹುದು: “ಮೊದಲಿನದು ಎಂಬ ಹೆಗ್ಗಳಿಕೆಯಿಲ್ಲದಿದ್ದರೆ ಆ ಕಟ್ಟಡವನ್ನು ಯಾರು ಹೊತ್ತು ಸಾಗಿಸುತ್ತಿದ್ದರು? ನೀವು ಹಳಿಯುವ ಹಮ್ಮೇ ಅದನ್ನು ಕಾಪಾಡಲಿಲ್ಲವೆ?” ಈ ಮಾತಿನಲ್ಲಿ ಸತ್ಯವಿದೆ, ಅದನ್ನು ಒಪ್ಪುತ್ತೇವೆ. ಆದರೆ ನಮ್ಮ ಆಕ್ಷೇಪ ಹುಟ್ಟುವುದೂ ಅಲ್ಲಿಂದಲೇ. ಕಥೆಯಿದ್ದ ಒಂದು ಅಂಗಡಿಯನ್ನು ಹೊತ್ತು ಸಾಗಿಸಿದ ನಗರ, ಕಥೆ ಬರೆಸಿಕೊಳ್ಳದ ಒಂದು ಬಡಾವಣೆಯ ಅಂಗಡಿಗಳನ್ನೆಲ್ಲ ಅದಕ್ಕೆ ಮೊದಲೇ ಅಳಿಸಿತ್ತು. ಓಕ್ ಸ್ಟ್ರೀಟಿನ ರೊಟ್ಟಿಯಂಗಡಿಗಳೂ ದಿನಸಿಯಂಗಡಿಗಳೂ ಯಾವುದರಲ್ಲೂ ಮೊದಲಾಗಿರಲಿಲ್ಲ. ಜನರಿಗೆ ದಿನವೂ ಬೇಕಾಗಿದ್ದವು, ಅಷ್ಟೆ. ಮೊದಲಿನದನ್ನು ಮಾತ್ರ ಗೌರವಿಸುವ ಸಮಾಜ ಎರಡನೆಯದನ್ನೂ ನೂರನೆಯದನ್ನೂ ಕೆಡವುವುದಕ್ಕೆ ಮನಸ್ಸಿನಲ್ಲೇ ಅನುಮತಿ ಕೊಟ್ಟಿರುತ್ತದೆ.

ಈ ಮಾತು ನಮಗೂ ತಟ್ಟಬೇಕು. ಉಡುಪಿ ಕಡೆಯ ಕಡಂದಲೆಯಿಂದ ಮದರಾಸಿಗೆ ಹೋಗಿ ಅಡುಗೆಮನೆಯ ಕೆಲಸದಿಂದ ಮೇಲೆ ಬಂದ ಕೆ. ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದರು. 1962ರಲ್ಲಿ ಕೆಥೀಡ್ರಲ್ ರಸ್ತೆಯ ಮರಗಳ ನೆರಳಿನಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತೆರೆಯಿತು. ಕಾರಿನಲ್ಲೇ ಕುಳಿತವರಿಗೆ ತಟ್ಟೆ ತಂದುಕೊಡುವ ಆ ಪದ್ಧತಿ ಅಮೆರಿಕದ ಹ್ಯಾಂಬರ್ಗರ್ ಅಂಗಡಿಗಳದ್ದು. ತಟ್ಟೆಯಲ್ಲಿ ಬಂದದ್ದು ನಮ್ಮ ದೋಸೆ, ಕಾಫಿ. ನೆಲ ಮಾತ್ರ ಹೋಟೆಲಿನದಾಗಿರಲಿಲ್ಲ. ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು, 2008ರಲ್ಲಿ ಹೋಟೆಲು ಮುಚ್ಚಿತು, 2010ರಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ತೆರೆಯಿತು. ಉದ್ಯಾನದ ಬಗ್ಗೆ ನಮ್ಮ ತಕರಾರಿಲ್ಲ. ನಗರಕ್ಕೆ ಗಿಡಮರಗಳೂ ಬೇಕು. ನಮ್ಮ ತಕರಾರು ನಮ್ಮ ಮೇಲೆಯೇ. ನಲವತ್ತಾರು ವರ್ಷ ಅಲ್ಲಿ ಕಾಫಿ ಕುಡಿದ ಚೆನ್ನೈ ಕನ್ನಡಿಗರಲ್ಲಿ ಎಷ್ಟು ಮಂದಿ ಅಲ್ಲಿನ ಮಾಣಿಗಳ ಹೆಸರು ಬರೆದಿಟ್ಟರು?

ಮುಂಬಯಿಯ ಮಾತೂ ಬೇರೆಯಲ್ಲ. ಮಾಟುಂಗದಲ್ಲಿ ಯಾರ ಹೋಟೆಲು ಮೊದಲು, ಮಸಾಲೆ ದೋಸೆಗೆ ಪಲ್ಯ ತುಂಬಿಸಿದವರು ಯಾರು ಎಂಬ ಚರ್ಚೆ ನಮ್ಮ ಸಂಘಗಳಲ್ಲಿ ಎಂದೂ ಬತ್ತದು. ಆದರೆ ತುಳುನಾಡಿನಿಂದ ಹೊಟ್ಟೆಪಾಡಿಗಾಗಿ ಬಂದ ಹುಡುಗರು ಹಗಲೆಲ್ಲ ಮೇಜು ಒರೆಸಿ, ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಗುಮಾಸ್ತರೂ ವಕೀಲರೂ ಲೇಖಕರೂ ಆದ ಚರಿತ್ರೆ ಯಾವ ‘ಮೊದಲಿಗ’ನ ಕಥೆಗಿಂತಲೂ ದೊಡ್ಡದು. ಅವರನ್ನು ಶಾಲೆಯ ಹೊತ್ತಿಗೆ ಬಿಟ್ಟುಕೊಟ್ಟ ಯಜಮಾನರಿದ್ದರು, ಬಿಡದವರೂ ಇದ್ದರು. ಎರಡನ್ನೂ ಬರೆಯಬೇಕು. ಹೋಟೆಲಿನ ಚರಿತ್ರೆಯೆಂದರೆ ಗಲ್ಲಾದ ಹಿಂದೆ ಹಾರ ಹಾಕಿದ ಭಾವಚಿತ್ರದ ಚರಿತ್ರೆ ಎಂದು ತಿಳಿದದ್ದೇ ನಮ್ಮ ತಪ್ಪು.

ಆದ್ದರಿಂದ ನಮ್ಮ ಬಳಗದ ಓದುಗರಲ್ಲಿ ಒಂದು ಒತ್ತಾಯ. ನೀವಿರುವ ಊರಿನಲ್ಲಿ ಇನ್ನೂ ಬಾಗಿಲು ತೆರೆದಿರುವ ಒಂದು ಹಳೆಯ ಹೋಟೆಲಿಗೆ ಹೋಗಿ. ಯಾರು ಮೊದಲು ಎಂದು ಕೇಳಬೇಡಿ. ನೆಲ ಯಾರದು, ಬಾಡಿಗೆಯ ಕರಾರು ಎಂದಿನವರೆಗೆ, ಒಲೆ ಯಾವಾಗ ಬದಲಾಯಿತು, ಭಟ್ಟರು ಯಾವ ಊರಿನವರು, ಮಾಣಿಗಳು ರಾತ್ರಿ ಎಲ್ಲಿ ಮಲಗುತ್ತಿದ್ದರು, ಈಗ ಅವರ ಜಾಗದಲ್ಲಿ ದುಡಿಯುತ್ತಿರುವವರು ಯಾರು ಎಂದು ಕೇಳಿ ಬರೆದುಕೊಂಡು ಬನ್ನಿ. ಕೃತಕವಾದ ಹೊಗಳಿಕೆ ಬೇಡ, ವಿವರ ಬೇಕು. ನ್ಯೂ ಹೇವನ್ನಿನ ಅಂಗಡಿಯನ್ನು ಹೊತ್ತು ಸಾಗಿಸಲು ಜನ ಮುಂದೆ ಬಂದದ್ದು ಅದರ ಕಥೆ ಅವರಿಗೆ ಗೊತ್ತಿತ್ತು ಎಂಬ ಕಾರಣಕ್ಕೆ. ನಮ್ಮ ಹೋಟೆಲುಗಳ ಕಥೆ ನಮಗೇ ಗೊತ್ತಿಲ್ಲದಿರುವಾಗ, ಅವುಗಳ ಬಾಗಿಲು ಮುಚ್ಚಿದ ಮರುದಿನ ನಾವು ಸುರಿಸುವ ಕಣ್ಣೀರಿಗೆ ಯಾವ ಹಕ್ಕಿದೆ?