ಸೆಟ್ಟೇರಿದ ಪದ

ಈ ಸಂಚಿಕೆಗೆಂದು ಬಂದ ಒಂದು ಅನುವಾದಿತ ಕಥೆಯ ಕರಡು ತಿದ್ದುತ್ತಿದ್ದೆ. ಮೂರನೆಯ ಪುಟದಲ್ಲಿ ಒಂದು ವಾಕ್ಯ: ಹೊತ್ತು ಮುಳುಗುತ್ತಿದ್ದಂತೆ ಅವಳು ಮೇಜನ್ನು ಹೊಂದಿಸಿದಳು. ಕುಂಟುವ ಮೇಜಿನ ಕಾಲಿಗೆ ರಟ್ಟಿನ ಚೂರು ಕೊಟ್ಟಳೇನೋ ಅಂದುಕೊಂಡು ಮುಂದೆ ಓದಿದೆ. ಮರುಸಾಲಿನಲ್ಲೇ ಗಂಡ, ಮಕ್ಕಳು ಬಂದು ಊಟಕ್ಕೆ ಕೂತುಬಿಟ್ಟರು. ಮೂಲ ಕಥೆ ತೆಗೆದು ನೋಡಿದರೆ ಒಂದೇ ವಾಕ್ಯದಲ್ಲಿ ‘ಸೆಟ್’ ಎರಡು ಸಲ ಬಂದಿದೆ. ಸೂರ್ಯನಿಗೂ ಅದೇ, ಮೇಜಿಗೂ ಅದೇ.

ಅನುವಾದಕರಿಗೆ ಫೋನ್ ಮಾಡಿದೆ. ಕಾಲೇಜು ಮುಗಿಸಿ ಎರಡು ವರ್ಷವಾದ ಹುಡುಗ, ಓದಿಕೊಂಡವನು. “ನಿಘಂಟು ನೋಡಿಯೇ ಬರೆದೆ ಸಾರ್. ಅಷ್ಟುದ್ದ ಪಟ್ಟಿ ಇತ್ತು, ಅದರಲ್ಲಿ ಇದೇ ವಾಸಿ ಅನ್ನಿಸ್ತು” ಅಂದ.

“ನಿಮ್ಮನೇಲಿ ಊಟಕ್ಕೆ ಕರೆಯೋಕೆ ಮುಂಚೆ ಅಮ್ಮ ಏನು ಮಾಡ್ತಾರಪ್ಪ?”

“ತಟ್ಟೆ ಹಾಕ್ತಾರೆ.”

“ಅದನ್ನೇ ಬರಿ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಆದ್ರೆ ಮೂಲದಲ್ಲಿ ತಟ್ಟೆ ಇಲ್ವಲ್ಲ ಸಾರ್?”

ಅವನನ್ನು ಬಯ್ಯಲು ಮನಸ್ಸಾಗಲಿಲ್ಲ. ಅವನು ಎದುರಿಸಿದ್ದು ಸಾಮಾನ್ಯ ಪದವನ್ನಲ್ಲ. ಇಪ್ಪತ್ತು ಸಂಪುಟಗಳ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ಇದೇ ಮೂರಕ್ಷರದ್ದು. 430 ಅರ್ಥಗಳು, ಉದಾಹರಣೆಗಳೆಲ್ಲ ಸೇರಿ ಸುಮಾರು 60,000 ಪದಗಳು. ನಮ್ಮಲ್ಲಿ ಅಷ್ಟು ಬರೆದರೆ ಕಾದಂಬರಿಯೆಂದು ಬಿಡುಗಡೆ ಮಾಡಿ ಹಾರ ಹಾಕುತ್ತಾರೆ. ಈಗ ಆ ಪಟ್ಟ ‘ರನ್’ ಪಾಲಾಗಿದೆ. ಪರಿಷ್ಕರಣೆಯಲ್ಲಿ ಆ ಕ್ರಿಯಾಪದ ಒಂದಕ್ಕೇ 645 ಅರ್ಥ ಸಿಕ್ಕವು, ಸಂಪಾದಕ ಪೀಟರ್ ಗಿಲಿವರ್ ಅವರ ಒಂಬತ್ತು ತಿಂಗಳು ಅದಕ್ಕೇ ಹೋಯಿತು. ಯಂತ್ರಗಳ ಕಾಲದಲ್ಲಿ ಓಡುವ ವಸ್ತುಗಳೇ ಹೆಚ್ಚಾದದ್ದರಿಂದ ಇದು ನ್ಯಾಯವೇ ಇರಬಹುದು. ನನ್ನ ಒಲವು ಮಾತ್ರ ಕೂತಲ್ಲೇ ಕೂತ ‘ಸೆಟ್’ ಕಡೆಗೆ.

ಕೂತಲ್ಲೇ ಕೂತ ಎಂದದ್ದು ಬಾಯಿಮಾತಿಗಲ್ಲ. ‘ಸೆಟ್’ ಎಂಬ ಕ್ರಿಯಾಪದ ಹುಟ್ಟಿದ್ದೇ ‘ಸಿಟ್’ನಿಂದ. ಸಿಟ್ ಎಂದರೆ ಕೂರು, ಸೆಟ್ ಎಂದರೆ ಕೂರಿಸು. ನಮ್ಮ ವ್ಯಾಕರಣದ ಮೇಷ್ಟ್ರುಗಳು ಪ್ರೇರಣಾರ್ಥಕ ಎಂದು ಕಲಿಸುತ್ತಿದ್ದರಲ್ಲ, ಅದೇ ಸಂಬಂಧ. ಇಷ್ಟು ತಿಳಿದ ಮೇಲೆ ಕನ್ನಡದಲ್ಲಿ ‘ಕೂರಿಸು’ ಏನೇನು ಮಾಡುತ್ತದೆಂದು ನೋಡಿದರೆ ಮೈ ಜುಮ್ಮೆನ್ನುತ್ತದೆ. ಭಾದ್ರಪದದಲ್ಲಿ ಗಣಪತಿ ಕೂರಿಸುತ್ತೇವೆ, ದಸರೆಗೆ ಬೊಂಬೆ ಕೂರಿಸುತ್ತೇವೆ. ಅಕ್ಕಸಾಲಿ ಉಂಗುರಕ್ಕೆ ಹರಳು ಕೂರಿಸುತ್ತಾನೆ. ನಾಟಿ ವೈದ್ಯ ಜಾರಿದ ಮೂಳೆಯನ್ನು ಕೂರಿಸಿ ಕಟ್ಟು ಹಾಕುತ್ತಾನೆ. ಕೊನೆಯ ಎರಡು ಕಡೆ ಇಂಗ್ಲಿಷಿನವರು ಹೇಳುವುದೂ ‘ಸೆಟ್’ ಎಂದೇ. ಯಾರೂ ಯಾರನ್ನೂ ನೋಡಿ ಬರೆದುಕೊಂಡದ್ದಲ್ಲ. ಹರಳನ್ನೂ ಮೂಳೆಯನ್ನೂ ಅವುಗಳ ಪೀಠದಲ್ಲಿ ಕೂರಿಸಬೇಕೆಂದು ಎರಡು ದೂರದ ಊರಿನ ಕಸುಬುದಾರರಿಗೆ ಬೇರೆಬೇರೆಯಾಗಿ ಹೊಳೆದಿದೆ.

ಎಲ್ಲ ಕಡೆ ‘ಕೂರಿಸು’ ನಡೆಯುವುದಿಲ್ಲ. ಆಗ ‘ಇಡು’ ಬರುತ್ತದೆ: ಕಾಲಿಡು, ಬೆಂಕಿ ಇಡು, ಮುಹೂರ್ತ ಇಡು, ಅಲಾರಂ ಇಡು. ಅದೂ ಸಾಲದಿದ್ದರೆ ಬೆಲೆ ಕಟ್ಟುತ್ತೇವೆ, ಬಲೆ ಒಡ್ಡುತ್ತೇವೆ, ಮೊಸರಿಗೆ ಹೆಪ್ಪು ಹಾಕುತ್ತೇವೆ. ಪರೀಕ್ಷೆಯ ಪ್ರಶ್ನೆಪತ್ರಿಕೆಯ ವಿಷಯದಲ್ಲಂತೂ ಎರಡು ಭಾಷೆಗಳು ಬೆನ್ನು ತಿರುಗಿಸಿ ನಿಂತಿವೆ. ಇಂಗ್ಲಿಷಿನ ಮೇಷ್ಟ್ರು ಅದನ್ನು ಕೂರಿಸುತ್ತಾರೆ, ನಮ್ಮ ಮೇಷ್ಟ್ರು ‘ಪೇಪರ್ ತೆಗೆಯುತ್ತಾರೆ’. ಕಥೆಯನ್ನು ಅವರು ಹಳ್ಳಿಯಲ್ಲಿ ಇಡುತ್ತಾರೆ, ನಮ್ಮ ಕಥೆ ಹಳ್ಳಿಯಲ್ಲಿ ನಡೆಯುತ್ತದೆ. ಸೂರ್ಯನಿಗೆ ನಮ್ಮಲ್ಲಿ ಮುಳುಗು, ಇಳಿ, ಕಂತು ಎಲ್ಲ ಉಂಟು. ಹಳಗನ್ನಡದ ‘ಪಡು’ ಉಂಟು. ಬೀಳು, ಮುಳುಗು ಎಂಬ ಅರ್ಥದ ಆ ಪದದಿಂದಲೇ ಪಶ್ಚಿಮ ದಿಕ್ಕು ಪಡುವಣವಾಯಿತು. ಕಂತು ಎಂಬುದು ಸಾಲದ ಕಂತೂ ಹೌದು, ಹಳೆಯ ಕಾವ್ಯಗಳಲ್ಲಿ ಮನ್ಮಥನೂ ಹೌದು. ಯಾವನಾದರೂ ಇಂಗ್ಲಿಷಿನವನು ಕನ್ನಡ ಕಲಿಯಲು ಬಂದು, ಮನ್ಮಥ, ಮುಳುಗುವ ಸೂರ್ಯ ಮತ್ತು ಬ್ಯಾಂಕಿನ ಬಾಕಿ ಮೂರಕ್ಕೂ ಒಂದೇ ಪದವೇ ಎಂದು ತಲೆ ಹಿಡಿದುಕೊಂಡರೆ ನಾವು ಅವನ ಮೇಲೂ ಕರುಣೆ ತೋರಬೇಕಾಗುತ್ತದೆ.

ಇಷ್ಟು ಹೊತ್ತು ಹೇಳಿದ್ದು ಕ್ರಿಯಾಪದದ ಮಾತು. ನಾವು ಹೋಟೆಲಿನಲ್ಲಿ ಕೇಳುವ ‘ಸೆಟ್’ ಬೇರೆ ತಾಯಿಯ ಮಗು. ಗುಂಪು, ಜೊತೆ ಎಂಬ ಅರ್ಥದ ನಾಮಪದ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಬಂತು. ಮತಪಂಥಕ್ಕೆ ಇಂಗ್ಲಿಷಿನಲ್ಲಿರುವ ‘ಸೆಕ್ಟ್’ ಇದರ ಒಡಹುಟ್ಟು. ರೂಪ ಒಂದೇ ಆದದ್ದರಿಂದ ಕಾಲಾಂತರದಲ್ಲಿ ಕ್ರಿಯಾಪದದ ಸಹವಾಸ ಬಿದ್ದು ಯಾರು ಯಾರ ಮಗುವೆಂದು ಗುರುತೇ ಸಿಗದ ಹಾಗಾಯಿತು. ಲೆಕ್ಕ ಹಾಕಿದರೆ ಸೆಟ್ ದೋಸೆ ಎಂದರೆ ದೋಸೆಗಳ ಪಂಥ. ಬೆಂಗಳೂರಿನ ದರ್ಶಿನಿಗಳಲ್ಲಿ “ಎರಡು ಸೆಟ್, ಒಂದು ಖಾಲಿ, ಮೂರು ಮಸಾಲೆ” ಎಂದು ಕೂಗು ಬಿದ್ದಾಗ ಯಾರಿಗೂ ಗೊಂದಲವಾಗುವುದಿಲ್ಲ. ಖಾಲಿ ಎಂದರೆ ತಟ್ಟೆ ಬರಿದಾಗಿ ಬರುತ್ತದೆಂದು ಯಾರೂ ಹೆದರುವುದಿಲ್ಲ. ಒಂದರ ಮೇಲೊಂದು ಕೂತ ಮೆತ್ತನೆಯ ದೋಸೆಗಳು, ಪಕ್ಕದಲ್ಲಿ ಸಾಗು, ಅಷ್ಟೆ.

ಗಣಿತದವರು ಈ ಸೆಟ್ಟನ್ನು ‘ಗಣ’ ಎಂದು ಕನ್ನಡಕ್ಕೆ ತಂದರು. ಉಪಗಣ, ಶೂನ್ಯಗಣ ಎಂದು ಪಠ್ಯಪುಸ್ತಕಗಳಲ್ಲಿ ಮಕ್ಕಳು ಓದುತ್ತಾರೆ. ಒಳ್ಳೆಯ ಆಯ್ಕೆ. ಆದರೆ ಗಣವೂ ಸುಮ್ಮನಿರುವ ಪದವಲ್ಲ. ಛಂದಸ್ಸಿನಲ್ಲಿ ಮಾತ್ರಾಗಣ, ಅಂಶಗಣ, ಕೈಲಾಸದಲ್ಲಿ ಶಿವಗಣ, ಜನವರಿ 26ಕ್ಕೆ ಗಣರಾಜ್ಯ. ಗಣಪತಿಯನ್ನು ಗಣಿತದ ಮೇಷ್ಟ್ರೊಬ್ಬರು ಇಂಗ್ಲಿಷಿಗೆ ತಂದರೆ ಸೆಟ್ಟುಗಳ ಒಡೆಯನಾಗಿ ಅವನು ಇನ್ನಷ್ಟು ಪರೀಕ್ಷೆಗಳಲ್ಲಿ ಪೂಜೆ ಪಡೆದಾನು.

ಎರವಲು ಪದಗಳ ಮಾತು ಬಂದ ಕೂಡಲೇ ನಮ್ಮಲ್ಲಿ ಎರಡು ಪಕ್ಷಗಳಾಗುತ್ತವೆ. ನನ್ನದು ಮೂರನೆಯದು. ಹೆಸರಾಗಿ ಬಂದ ‘ಸೆಟ್’ ಬಗ್ಗೆ ನನಗೆ ತಕರಾರಿಲ್ಲ, ಖುಷಿಯೇ ಇದೆ. ಪಂಪ್‌ಸೆಟ್ಟು ಇಂಗ್ಲಿಷೆಂದು ಯಾವ ರೈತನೂ ಲೆಕ್ಕಿಸುವುದಿಲ್ಲ. “ನಮ್ಮ ಸೆಟ್ಟಿನ ಹುಡುಗರು” ಎಂದು ಹೇಳುವ ನಿವೃತ್ತ ನೌಕರರ ದನಿಯಲ್ಲಿ ಯಾವ ಕನ್ನಡ ಪದಕ್ಕೂ ಕಡಿಮೆಯಿಲ್ಲದ ಅಕ್ಕರೆಯಿರುತ್ತದೆ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಸಿನಿಮಾ ಪತ್ರಕರ್ತರ ಕೈಚಳಕ: ಚಿತ್ರ ‘ಸೆಟ್ಟೇರಿತು’. ಮದುವೆ ಗಂಡು ಹಸೆಮಣೆ ಏರಿದ ಹಾಗೆ, ದೊರೆ ಗದ್ದುಗೆ ಏರಿದ ಹಾಗೆ ಸಿನಿಮಾ ಸೆಟ್ಟೇರುತ್ತದೆ. ಸೆಟ್ಟು, ಏರಿತು, ನಡುವಿನ ಉಕಾರ ಬಿದ್ದುಹೋಗಿ ಸರಿಯಾದ ಲೋಪಸಂಧಿ. ಕೇಶಿರಾಜನೇ ಎದ್ದು ಬಂದರೂ ತಪ್ಪು ಹುಡುಕಲಾರ. ಇದನ್ನು ಮೊದಲು ಬರೆದವರ ಹೆಸರು ಗೊತ್ತಿದ್ದರೆ ಒಂದು ಶಾಲು ಹೊದಿಸಬಹುದಿತ್ತು.

ತಕರಾರಿರುವುದು ‘ಸೆಟ್ ಮಾಡು’ ಎಂಬುದರ ಮೇಲೆ. ಇಂಗ್ಲಿಷಿನ ಕ್ರಿಯಾಪದ ಕನ್ನಡಕ್ಕೆ ಒಂಟಿಯಾಗಿ ಬರುವುದಿಲ್ಲ, ‘ಮಾಡು’, ‘ಆಗು’ಗಳ ಕೈಹಿಡಿದೇ ಬರುತ್ತದೆ. ಹಾಗೆ ಬಂದದ್ದು ಒಳಗೆ ಕಾಲಿಟ್ಟ ಮೇಲೆ ಮನೆಯವರನ್ನು ಒಬ್ಬೊಬ್ಬರನ್ನಾಗಿ ಹೊರಗೆ ಕಳಿಸುತ್ತಿದೆ. ಅಲಾರಂ ಸೆಟ್ ಮಾಡು, ಹರಳು ಸೆಟ್ ಮಾಡು, ದಿನ ಸೆಟ್ ಮಾಡು, ರೇಟು ಸೆಟ್ ಮಾಡು, ಪೇಪರ್ ಸೆಟ್ ಮಾಡು. ಇಡು, ಕೂರಿಸು, ಗೊತ್ತುಮಾಡು, ಕಟ್ಟು, ತೆಗೆ ಐದೂ ಹೋಗಿ ಒಂದೇ ಉಳಿಯಿತು. ನಮ್ಮ ಮನೆಯಲ್ಲಿ ಮೊನ್ನೆ ಮೊಸರು ‘ಸೆಟ್ ಆಗಲಿಲ್ಲ’. ಹೆಪ್ಪು ಸಾಲದೆ ಹೋಯಿತೆಂದು ನಮ್ಮಮ್ಮ ಅನ್ನುತ್ತಿದ್ದರು. ಅದರಲ್ಲಿ ಕಾರಣವೂ ಇತ್ತು, ನಾಳೆಗೆ ಏನು ಮಾಡಬೇಕೆಂಬ ಸೂಚನೆಯೂ ಇತ್ತು. ಇದನ್ನು ಶುದ್ಧಗೊಳಿಸಲು ಹೊರಟು ‘ಹೊಂದಿಸು’ ಎಂದು ಎಲ್ಲ ಕಡೆ ತುರುಕುವವರು ಇನ್ನೂ ಹಾನಿ ಮಾಡುತ್ತಾರೆ. ಅಲಾರಂ ಹೊಂದಿಸಿ, ಗುರಿ ಹೊಂದಿಸಿ, ಭಾಷೆ ಹೊಂದಿಸಿ: ಫೋನುಗಳ ಈ ಕನ್ನಡವನ್ನು ಕಂಡೇ ನಮ್ಮ ಹುಡುಗ ಮೇಜನ್ನೂ ಹೊಂದಿಸಿದ್ದು. ಅಕ್ಷರ ಕನ್ನಡದ್ದಾದರೂ ಯೋಚನೆ ‘ಸೆಟ್ ಮಾಡು’ವಿನದೇ.

ಒಂದು ವಿನಾಯಿತಿ ಕೊಡಲೇಬೇಕು. “ಅವರಿಬ್ಬರಿಗೂ ಸೆಟ್ ಆಗಲ್ಲ” ಎಂದು ಹುಡುಗರು ಹೇಳುವಾಗ ಅಲ್ಲಿ ಜಗಳವಿಲ್ಲ, ದ್ವೇಷವಿಲ್ಲ, ಯಾರ ತಪ್ಪೂ ಇಲ್ಲ. ‘ಹೊಂದಾಣಿಕೆ’ ಎಂದರೆ ಕೌಟುಂಬಿಕ ನ್ಯಾಯಾಲಯದ ವಾಸನೆ ಬರುತ್ತದೆ. ಇಂಗ್ಲಿಷಿನವನಿಗೆ ಈ ಪ್ರಯೋಗ ಅರ್ಥವೇ ಆಗದು. ಇದು ನಮ್ಮ ನೆಲದಲ್ಲಿ ಬೆಳೆದದ್ದು, ಇರಲಿ.

ಅಂದ ಹಾಗೆ, ಗಾರೆಯವರು “ಮೋಲ್ಡ್ ಸೆಟ್ ಆಗೋವರೆಗೆ ಕಾಲಿಡಬೇಡಿ” ಎನ್ನುವುದನ್ನು ಕೇಳಿ, ನಮ್ಮ ‘ಸೆಟೆ’ಯಿಂದಲೇ ಅವರ ‘ಸೆಟ್’ ಹುಟ್ಟಿತೆಂದು ಯಾರಾದರೂ ಲೇಖನ ಕಳಿಸುವ ಮುಂಚೆ ಹೇಳಿಬಿಡುತ್ತೇನೆ: ಹುಟ್ಟಲಿಲ್ಲ. ಬರಿಯ ಕಾಕತಾಳೀಯ.

ಆಕ್ಸ್‌ಫರ್ಡಿನ ಮೊದಲ ಆವೃತ್ತಿಯಲ್ಲಿ ‘ಸೆಟ್’ ಬರುವ ಭಾಗವನ್ನು ಸಂಪಾದಿಸಿದವರು ಹೆನ್ರಿ ಬ್ರಾಡ್ಲಿ. ನಿಘಂಟಿಗೆ ಬರುವ ಮುಂಚೆ ಅವರು ಶೆಫೀಲ್ಡಿನಲ್ಲಿ ಚಾಕು, ಚಮಚ ತಯಾರಿಸುವ ಕಂಪನಿಯೊಂದರಲ್ಲಿ ಸುಮಾರು ಇಪ್ಪತ್ತು ವರ್ಷ ಗುಮಾಸ್ತರಾಗಿದ್ದರು. ಊಟದ ಮೇಜಿನ ಸೆಟ್ಟುಗಳ ಲೆಕ್ಕ ಅವರಿಗೆ ತಿಳಿದೇ ಇದ್ದಿರಬೇಕು! ಆದರೂ ಆ ಅರ್ಥಗಳನ್ನು ಅವರು ತಲೆಯಿಂದ ತೆಗೆದು ಬರೆದದ್ದಲ್ಲ. ಪ್ರಧಾನ ಸಂಪಾದಕ ಜೇಮ್ಸ್ ಮರ್ರೆ 1879ರಲ್ಲಿ ಓದುಗರಿಗೊಂದು ಮನವಿ ಮಾಡಿಕೊಂಡಿದ್ದರು: ಪುಸ್ತಕ ಓದಿ, ಪದ ಬಂದ ವಾಕ್ಯವನ್ನು ಚೀಟಿಯಲ್ಲಿ ಬರೆದು ಕಳಿಸಿ. ಬಂದ ಲಕ್ಷಾಂತರ ಚೀಟಿಗಳನ್ನು ವಿಂಗಡಿಸಿದಾಗ ಅರ್ಥಗಳು ತಾವಾಗಿ ಬೇರೆಬೇರೆ ಗುಡ್ಡೆಯಾದವು. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ಶಾಸನ, ಕಾವ್ಯಗಳಿಂದ ಹೀಗೆ ಪ್ರಯೋಗ ಕೂಡಿಹಾಕಿಯೇ ಬೆಳೆಯಿತು. ಅದರ ಹಿಂದಿದ್ದ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಒಂದೊಂದು ಪದದ ಪ್ರಶ್ನೆಗೂ ಕೂತು ಉತ್ತರ ಬರೆದರು. 2021ರಲ್ಲಿ, 107ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡ ಮೇಲೆ ಆ ಕುರ್ಚಿ ಹಾಗೇ ಇದೆ.

ಅದರಲ್ಲಿ ಕೂರುವ ಯೋಗ್ಯತೆ ನನಗಿಲ್ಲ. ಚೀಟಿ ಕೂಡಿಹಾಕುವ ಕೆಲಸವನ್ನಂತೂ ಮಾಡಬಲ್ಲೆ. ನಿಮ್ಮ ಊರಿನ ಅಡುಗೆಮನೆ, ಗ್ಯಾರೇಜು, ಟೈಲರ್ ಅಂಗಡಿ, ನಾಟಕದ ಚೌಕಿ, ತೋಟ, ಕಾಲೇಜು ಕ್ಯಾಂಟೀನಿನಲ್ಲಿ ‘ಸೆಟ್’ ಹೇಗೆ ಬಳಕೆಯಾಗುತ್ತದೆಂದು ಕೇಳಿಸಿಕೊಂಡು, ಕೇಳಿದ ವಾಕ್ಯವನ್ನು ಹಾಗೆಯೇ ಒಂದು ಕಾರ್ಡಿನಲ್ಲಿ ಬರೆದು ನಮ್ಮ ವಿಳಾಸಕ್ಕೆ ಕಳಿಸಿ. ಊರಿನ ಹೆಸರು, ಹೇಳಿದವರ ಕಸುಬು ಇರಲಿ. ಅರ್ಥ ಬರೆಯುವುದು ಬೇಡ, ವಾಕ್ಯ ಸಾಕು.